ನುಂಗಿದ ಟಕಾರ

ಗ್ಲಾಸ್ಗೋ, ಗೋವನ್ ಪೇಟೆ, ಅರವತ್ತೆಂಟನೇ ಇಸವಿ.
ಎಫಿ ಗಾಲ್ಬ್ರೇತ್ ಮೇಡಂ ಮೇಜಿನ ಮೇಲೆ
ಮೇಣದಬತ್ತಿ ಹಚ್ಚಿಡುತ್ತಿದ್ದರು.
ಹಡಗುಕಟ್ಟೆಯವರ ಮಕ್ಕಳು ಒಬ್ಬೊಬ್ಬರೇ ಬಂದು
ಗೇಣು ದೂರದಲ್ಲಿ ನಿಂತು 'ಟಾಪ್' ಅನ್ನಬೇಕು.
ಕುಡಿ ಬಳುಕಿದರೆ ಪಾಸು.
ಬಳುಕದಿದ್ದರೆ ಚಾಚು ಅಂಗೈ.
ತೊಗಲಿನ ಪಟ್ಟಿಗೆ ಮಾತ್ರ ಎಲ್ಲ ಅಕ್ಷರವೂ ಸ್ಪಷ್ಟ:
ಟಪ್. ಟಪ್.

"ನೀರು ಕೇಳುವಾಗ ನಡುವಿನದನ್ನು ನುಂಗುತ್ತೀಯಲ್ಲ,
ಎಲ್ಲಿಗೆ ಹೋಯಿತೇ ಅದು? ಹೊಟ್ಟೆಗಾ?"
ಸೆಂಗಾಗೆ ಒಂಬತ್ತು ವರ್ಷ.
"ವಾ—ರ್" ಅಂದಳು ಮತ್ತೆ,
ದೀಪವಿಲ್ಲದ ವಠಾರದಲ್ಲಿ ಇಳಿಯುವಾಗ
ಒಂದು ಮೆಟ್ಟಿಲು ಕಾಲಿಗೆ ಸಿಗದೆ ಹೋದ ಹಾಗೆ.

ಆಮೇಲೆ ಕಲಿತಳು. ಶಾಲೆಗೊಂದು ಬಾಯಿ, ಮನೆಗೊಂದು.
ಮರೆತು ಊಟದ ಮೇಜಿನಲ್ಲಿ 'ಬಟರ್' ಎಂದು ಪೂರ್ತಿ ಅಂದರೆ
ಅಣ್ಣ ಎದ್ದು ನಿಂತು ಸಲಾಮು ಹೊಡೆಯುತ್ತಿದ್ದ.
ಒಂದು ರಾತ್ರಿ ಬಚ್ಚಲಲ್ಲಿ ತಾನೇ ಬತ್ತಿ ಹಚ್ಚಿ ನೋಡಿದಳು:
'ಟಾಪ್' ಅಂದರೆ ಬಳುಕುವ ಕುಡಿ
'ಸ್ಟಾಪ್' ಅಂದರೆ ಅಲ್ಲಾಡುವುದೇ ಇಲ್ಲ!
ಸಕಾರದ ಬೆನ್ನಿಗೆ ನಿಂತರೆ ಅದೇ ಟಕಾರ
ಮಹಾಪ್ರಾಣ ಬಿಟ್ಟು ಅಲ್ಪಪ್ರಾಣ.
ಮೇಡಂ ಅಂದರೂ ಅಷ್ಟೇ. ಮರುದಿನ ಗಮನಿಸಿದಳು,
ಬಾಯಿ ಬಿಡಲಿಲ್ಲ.

ಈಗ ಅವಳಿಗೇ ಅರವತ್ತು.
ಪಾರ್ಶ್ವವಾಯು ಬಡಿದವರಿಗೆ
ಮಾತು ಮರಳಿ ಕೊಡಿಸುವ ಕೆಲಸ.
ಆರನೇ ಮಂಚದ ಹೆಸರು ಓದಿದಳು.
ಕನ್ನಡಕ ಒರೆಸಿ ಇನ್ನೊಮ್ಮೆ ಓದಿದಳು.

ಆ ವಾರ್ಡಿನಲ್ಲಿ ಒಂದು ಲೋಟ ನೀರಿಗೆ ಎಷ್ಟು ಬಾಯಿ!
ಓಹಾಯೋದಿಂದ ಬಂದ ಡಾಕ್ಟರು 'ವಾಡರ್' ಎನ್ನುತ್ತಾನೆ,
ನಾಲಿಗೆ ತಾಕಿತೋ ಇಲ್ಲವೋ,
ಬೀಸಿದ ಬಿಲ್ಲೆಗಲ್ಲು ಕೊಳದ ಮೇಲೆ ಕುಪ್ಪಳಿಸಿದಂತೆ.
ಹುಟ್ಟೂರು ಡೇಟನ್ನಿನ ಹೆಸರು ಹೇಳುವಾಗ ಮಾತ್ರ
'ಡೇ—ನ್' ಎಂದು ಗುಳುಂ,
ನುಂಗಿದ್ದು ಅವನಿಗೇ ಗೊತ್ತಿಲ್ಲ.
ಕಾರ್ಕ್‌ನ ನರ್ಸ್ ಡಿಂಪ್ನಾ 'ರೈಟ್' ಅಂದರೆ
ಕೊನೆಯಲ್ಲೊಂದು ಸುಯ್ಲು,
ಕೆಟಲ್ ಕುದಿಯುವ ಮುಂಚಿನ ಸುಂಯ್.
ಲಿವರ್‌ಪೂಲಿನ ಗಾಲಿಕುರ್ಚಿಯವನು
ಯಾರನ್ನು ಸುಮ್ಮನಿರಿಸಬೇಕಾದರೂ 'ಶರಪ್'.
ಔಷಧಿ ತರುವ ಜಸ್ಬೀರಳದು ಬೇರೆಯೇ ಪೆಟ್ಟು:
ನಾಲಿಗೆ ಮಡಚಿ ಅಂಗುಳಕ್ಕೆ ಗೂಟ ಬಡಿದಂಥ ಟಕಾರ,
ಡೇರೆ ಹಾಕಿ ಅಲ್ಲೇ ಇರುವವರದ್ದು.

ಮೇಡಂ ಬಾಯಲ್ಲಿ ಯಾವುದೂ ಇಲ್ಲ.
ಬಲಗಡೆ ತುಟಿ ಜೋತು, ಜೊಲ್ಲು.
ಆಮ್ಲಜನಕ ಇರುವ ಕಡೆ ಬತ್ತಿ ಹಚ್ಚುವಂತಿಲ್ಲ.
ಟಿಶ್ಯೂ ಕಾಗದ ಹರಿದು ಒಂದು ಎಳೆ
ತುಟಿಯ ಮುಂದೆ ಹಿಡಿಯುತ್ತಾಳೆ ಸೆಂಗಾ.
"ಟಾಪ್ ಅನ್ನಿ, ಮೇಡಂ."
ಎಳೆ ಅಲ್ಲಾಡದು.
ಮೂರು ವಾರ. ಎಡಗೈಯಿಂದ ಒಮ್ಮೆ
ಕಾಗದ ಕಿತ್ತು ಎಸೆದರು ಮುದುಕಿ.

ಗುರುವಾರ ಮಧ್ಯಾಹ್ನ, ಯಾರೂ ಕೇಳದೆಯೇ,
ಕಿಟಕಿಯ ಕಡೆ ನೋಡುತ್ತಾ
"ವಾ—ರ್" ಅಂದರು.

ತೊದಲಲ್ಲ ಅದು. ಸೆಂಗಾಗೆ ಗೊತ್ತು.
ಒಂದು ಮೆಟ್ಟಿಲು ಪಳಗಿದ ಕಾಲಿನಿಂದಲೇ ದಾಟಿದ್ದು.
ಎಪ್ಪತ್ತು ವರ್ಷದ ಹಿಂದೆ
ಪಾರ್ಟಿಕ್‌ನ ಬಟ್ಟೆ ಒಗೆಯುವ ಉಗಿಮನೆಯಲ್ಲಿ
ಯಾರೋ ತಾಯಿ ಯಾರೋ ಮಗಳನ್ನು
ಹೀಗೇ ಕೂಗಿರಬೇಕು.

ತಮ್ಮ ದನಿ ತಮಗೇ ಕೇಳಿತು ಮೇಡಂಗೆ.
ಸೆಂಗಾಳ ಮುಖವನ್ನು ಬಹಳ ಹೊತ್ತು ನೋಡಿದರು.
ಆಮೇಲೆ ಎಡಗೈ ಮೆಲ್ಲಗೆ ಮೇಲೆತ್ತಿ
ಅಂಗೈ ಚಾಚಿದರು.

ಗುರುತು ಹತ್ತಿತೋ, ಬರೀ ಬಾಯಾರಿಕೆಯೋ,
ಇವತ್ತಿಗೂ ಹೇಳಲಾರಳು.
ಪುಡಿ ಕಲಸಿ ಗಂಜಿಯಷ್ಟು ಮಂದ ಮಾಡಿದ ನೀರಿನ ಲೋಟವನ್ನು
ಆ ಅಂಗೈಯಲ್ಲಿಟ್ಟು, ಹೊರಗಿನಿಂದ ತನ್ನ ಕೈ ಆನಿಸಿ
ನಿಂತಳು.
ಮೊದಲ ಗುಟುಕು ಇಳಿಯಿತು.
ಎರಡನೇ ಗುಟುಕು.